ಕೋವಿಗಳ ಸಾಲಿಗೆ ಬಂದ ಮಡಚುಕತ್ತಿ

"ಸೊಂಟ ಮಡಚಿ ಮಲಗೋ ಕತ್ತಿಗೆಲ್ಲ ಇಲ್ಲಿ ಜಾಗ ಇಲ್ಲ ಮಾರಾಯಾ. ಬಾಳೆಹಣ್ಣಿನ ತಟ್ಟೆ ಹತ್ರ ಇಡು!"

ಕೊಡಗಿನ ಆಯುಧಪೂಜೆಯಾದ ಕೈಲು ಮುಹೂರ್ತದ ದಿನ ದೀಪದ ಮುಂದೆ ಕೋವಿ, ಕತ್ತಿಗಳನ್ನು ಪೂಜೆಗೆ ಜೋಡಿಸುತ್ತಿದ್ದ ದೊಡ್ಡಪ್ಪ ಹೀಗೆಂದು ತೀರ್ಪು ಕೊಟ್ಟುಬಿಟ್ಟರು. ಸೀಮೆಗೆ ಹೊರಟ ಎಸ್ಟೇಟಿನ ಬಿಳಿ ದೊರೆ ಹಿಂದಿನ ವಾರವಷ್ಟೇ ತಮ್ಮ ಲೆಕ್ಕ ಬರೆಯುವ ರೈಟರನಾದ ನನಗೆ ಕೊಟ್ಟುಹೋದ ಕತ್ತಿ ಅದು. ಜಿಂಕೆಕೊಂಬಿನ ಹಿಡಿ, ಕನ್ನಡಿಯಂಥ ಎರಡು ಅಲಗು, ಬೆನ್ನಿನಲ್ಲಿ ಅಡಗಿ ಕೂತ ಪುಟ್ಟ ಚಿಮಟ. ಅದಕ್ಕಾದ ಅವಮಾನದ ಸಮೇತ ಜೇಬಿಗಿಳಿಸಿದೆ.

ಪೂಜೆ ಮುಗಿದು ತೆಂಗಿನಕಾಯಿಗೆ ಗುಂಡು ಹೊಡೆಯಲು ಎಲ್ಲರೂ ಗದ್ದೆಗೆ ಹೊರಟೆವು. ಬೇಲಿ ದಾಟುವಾಗ ದೊಡ್ಡಪ್ಪನ ಹಿಮ್ಮಡಿಗೆ ಮುಳ್ಳು ಹೊಕ್ಕಿತು. ಮನೆಯ ಹಿರಿಯರಾದ್ದರಿಂದ ಮೊದಲ ಗುಂಡು ಅವರದೇ. ಕಾಲೂರಲು ಮಾತ್ರ ಆಗದು. ಮನೆತನದ ಮೂರು ಕೋವಿಗಳೂ ಆ ಮುಳ್ಳಿನೆದುರು ಕೆಲಸಕ್ಕೆ ಬಾರದಾದವು. ನಾನು ಕೂತು, ಸಣ್ಣ ಅಲಗಿನಿಂದ ಚರ್ಮ ಬಿಡಿಸಿ, ಚಿಮಟದಲ್ಲಿ ಮುಳ್ಳೆಳೆದೆ. ದೊಡ್ಡಪ್ಪ ಎದ್ದು ನಿಂತು ಒಂದೇ ಏಟಿಗೆ ಕಾಯಿ ಹೊಡೆದರು.

ಮನೆಗೆ ಬಂದವರೇ ನನ್ನ ಕತ್ತಿ ಕೇಳಿ ಪಡೆದು, ಅಲಗು ಬಿಚ್ಚಿ, ದೀಪದ ಮುಂದೆ ತಮ್ಮ ಕೋವಿಯ ಪಕ್ಕದಲ್ಲಿಟ್ಟು ಹೂ ಏರಿಸಿದರು.

ಈಗ ಪ್ರತಿ ವರ್ಷ ಪೂಜೆಗೆ ಕೂತೊಡನೆ ಕೋವಿಗಿಂತ ಮೊದಲು ಅವರು ಕೇಳುವುದು, "ಎಲ್ಲಿ, ನಿನ್ನ ಮಲಗೋ ಕತ್ತಿ?"