ಅಳತೆಗೆ ಒಗ್ಗದ ಸೇಫ್ಟಿ ಬೆಲ್ಟ್

ಮೂರನೇ ಮಹಡಿಯ ಗೋಡೆಯ ಹೊರಗೆ ಕಟ್ಟಿದ್ದ ಸಾರ್ವೆಯ ಹಲಗೆ ಜಾರಿತು. ಅದರ ಮೇಲೆ ನಿಂತಿದ್ದ ಹೆಮ್ಮರಗಾಲದ ಮಹದೇವಮ್ಮ ಸೇಫ್ಟಿ ಬೆಲ್ಟ್‌ನಲ್ಲಿ ನೇತಾಡತೊಡಗಿದರು. ನಂಜನಗೂಡಿನ ಆ ಕಟ್ಟಡಕ್ಕೆ ನಾನು ಸೂಪರ್‌ವೈಸರ್. ಬೆಲ್ಟ್ ದಪ್ಪ ಗಂಡಸಿನ ಅಳತೆಯದು; ಅವರ ಸಣ್ಣ ಭುಜಗಳಿಂದ ಪಟ್ಟಿ ಜಾರುತ್ತಿತ್ತು. ಮೇಸ್ತ್ರಿ ಕಿಟಕಿಯಿಂದ ಕೈ ಚಾಚಿದಾಗ ಅವರೂ ಕೈ ಎತ್ತಲು ಹೊರಟರು.

"ಕೈ ಎತ್ಬ್ಯಾಡಿ ಅಕ್ಕಾ, ಬೆಲ್ಟಿಂದ ಜಾರೋಗ್ತೀರಿ. ತೋಳು ಮೈಗೆ ಅವುಚ್ಕೊಳಿ" ಎಂದು ಕೆಳಗಿನಿಂದ ಕೂಗಿದೆ.

ಅವರು ತೋಳು ಬಿಗಿಹಿಡಿದು ಕಣ್ಣು ಮುಚ್ಚಿದರು. ಮೇಸ್ತ್ರಿ ಬಾಗಿ, ಸೊಂಟಕ್ಕೆ ಕೈ ಹಾಕಿ ಒಳಗೆಳೆದುಕೊಂಡರು.

ಕೆಳಗಿಳಿದು ಬಂದ ಮಹದೇವಮ್ಮ ಬೆಲ್ಟ್ ಬಿಚ್ಚಿ, ಅದರ ಹೊಲಿಗೆ ತೋರಿಸಿ ಹೇಳಿದರು: "ಇದ ಒಲ್ದೋರು, ನಮ್ಮಂಥೋರೂ ಮ್ಯಾಲೆ ಅತ್ತೀವಿ ಅಂತ ಅನ್ಕೊಂಡೇ ಇಲ್ಲ ಕಣವ್ವ."

ಸಣ್ಣ ಅಳತೆಯ ಬೆಲ್ಟ್ ಬರುವವರೆಗೂ ಯಾವ ಹೆಂಗಸನ್ನೂ ಮೇಲೆ ಹತ್ತಿಸಲಿಲ್ಲ. ಈಗ ಪ್ರತಿಯೊಬ್ಬರ ಪಟ್ಟಿಯನ್ನೂ ನಾನೇ ಎಳೆದು ನೋಡುತ್ತೇನೆ. ಸಡಿಲವಿದ್ದರೆ ಅವರು ನೆಲದಲ್ಲೇ ಇರುತ್ತಾರೆ. ಕೆಲಸ ನಿಂತರೆ ನಿಲ್ಲಲಿ.