ಕೂಲರಿನವನು ಹೀಟರ್ ಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ: ನನಗೆ ಥಂಡಿಯ ವಿಷಯ ಏನೂ ಗೊತ್ತಿಲ್ಲ. ಬದುಕೆಲ್ಲ ನಾಚಾರಂನ ಒಂದು ಶೆಡ್ಡಿನಲ್ಲಿ ಏರ್ ಕೂಲರ್ ತಯಾರಿಸಿ ಮಾರಿದವನು ನಾನು. ಹೈದರಾಬಾದಿನ ಬೇಸಿಗೆಯೇ ನನ್ನ ಅನ್ನದಾತ. ಊರವರೆಲ್ಲ ಬಿಸಿಲಿಗೆ ಹಿಡಿಶಾಪ ಹಾಕುತ್ತಿದ್ದರೆ ನಾನೊಬ್ಬ ಒಳಗೊಳಗೇ ಕೈಮುಗಿಯುತ್ತಿದ್ದೆ. ಅಂಥವನು ಕಳೆದ ಡಿಸೆಂಬರಿನಲ್ಲಿ ಅಂಗಡಿಗೆ ಹೋಗಿ ಹೀಟರ್ ಕೇಳಿದಾಗ, ನನ್ನನ್ನು ಬಲ್ಲ ಅಂಗಡಿಯವನು “ಕ್ಯಾ ಸಾಬ್, ತಬಿಯತ್ ಠೀಕ್ ಹೈ ನಾ?” ಎಂದು ನನ್ನ ಆರೋಗ್ಯ ವಿಚಾರಿಸಿದ.

ಹೀಟರ್ ಬೇಕಾದದ್ದು ಮನೆಗಲ್ಲ, ವ್ಯಾನಿಗೆ. ಅವ್ವನಿಗೆ ಎಂಬತ್ತು ದಾಟಿದೆ. ಅವಳ ಒಬ್ಬಳೇ ತಂಗಿ, ನಮ್ಮ ಮೌಶಿ, ಮದುವೆಯಾಗಿ ಹೋದದ್ದು ಹಿಮಾಚಲದ ಒಂದು ಗುಡ್ಡದೂರಿಗೆ. ಅಕ್ಕತಂಗಿಯರು ದಿನಾ ಫೋನಿನಲ್ಲಿ ಇವತ್ತೇನು ಪಲ್ಯ ಎಂದು ಕೇಳಿಕೊಳ್ಳುತ್ತಾರೆ. ಮುಖ ನೋಡಿ ಮಾತ್ರ ಎಷ್ಟೋ ವರ್ಷಗಳಾಗಿವೆ. ಮೌಶಿ ಹಾಸಿಗೆ ಹಿಡಿದ ಸುದ್ದಿ ಬಂದಾಗ, ಬೇಸಿಗೆಯಲ್ಲಿ ಹೋಗೋಣವೆಂದು ನಾನು ಸಮಾಧಾನ ಹೇಳಿದೆ.

“ಬ್ಯಾಸಗೀ ಮಟಾ ಯಾರಿರತಾರೋ ಯಾರಿಲ್ಲೋ” ಎಂದಳು ಅವ್ವ. ಆಮೇಲೆ ನನ್ನ ಸಮಾಧಾನ ನನಗೇ ರುಚಿಸಲಿಲ್ಲ.

ಅವ್ವನ ಸೊಂಟ ತಾಸುಗಟ್ಟಲೆ ಕೂರಲು ಒಪ್ಪುವುದಿಲ್ಲ, ಮಲಗಿಕೊಂಡೇ ಹೋಗಬೇಕು. ಆದ್ದರಿಂದ ಹಳೆಯ ವ್ಯಾನೊಂದನ್ನು ತಂದು, ಕೂಲರಿನ ತಗಡು ಬಗ್ಗಿಸುತ್ತಿದ್ದ ಕೈಯಿಂದಲೇ ಒಳಗೆ ಮಂಚ ಕೂಡಿಸಿದೆ. ಓಡಿಸಲು ಪರಿಚಯದ ಡ್ರೈವರ್ ಸಿಕ್ಕ. ರಾತ್ರಿ ಯಾವುದಾದರೂ ಧರ್ಮಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಅವರನ್ನು ಕೇಳಿ ಕರೆಂಟ್ ಎಳೆದುಕೊಳ್ಳುವುದೆಂದು ಲೆಕ್ಕ. ಡಾಕ್ಟರು ಮಾತ್ರ ತಕರಾರು ತೆಗೆದರು. ಅವ್ವನಿಗೆ ದಮ್ಮು ಇದೆ. ಎದೆಗೆ ಥಂಡಿ ಹತ್ತಿದರೆ ಕಷ್ಟ. ಒಂದು ರಾತ್ರಿ ಇಲ್ಲೇ ವ್ಯಾನಿನಲ್ಲಿ ಮಲಗಿಸಿ ನೋಡಿ, ಕೆಮ್ಮು ಬಂದರೆ ಪ್ರಯಾಣದ ಮಾತು ಬಿಡಿ ಎಂದರು.

ಹೀಗಾಗಿ ನಾರಾಯಣಗೂಡದ ನಮ್ಮ ಮನೆಯ ಕಾಂಪೌಂಡಿನಲ್ಲೇ ಹಿಮಾಲಯದ ತಾಲೀಮು ಶುರುವಾಯಿತು. ಹೀಟರು ಕರೆಂಟನ್ನು ಕುಡಿಯುವುದಿಲ್ಲ, ನುಂಗುತ್ತದೆ. ಸಾದಾ ಪ್ಲಗ್ಗಿಗೆ ಹಾಕಿದರೆ ಪ್ಲಗ್ಗೇ ಮೊದಲು ಬೆಚ್ಚಗಾಗುತ್ತದೆ. ಬಚ್ಚಲಿನ ಗೀಸರಿನ ದೊಡ್ಡ ಪ್ಲಗ್ಗಿನಿಂದ ದಪ್ಪ ವೈರು ಎಳೆದು ಕಿಟಕಿಯಿಂದ ಇಳಿಬಿಟ್ಟೆ. ನಾವು ಹಾಸಿಗೆ ಹೊತ್ತು ವ್ಯಾನ್ ಹತ್ತುವುದನ್ನು ಕಂಡು ಮಾಳಿಗೆಯ ಮನೆಯವರು ತೆಲುಗಿನಲ್ಲಿ ಎಲ್ಲಿಗೆ ಪ್ರಯಾಣ ಎಂದು ಕೇಳಿದರು. ಇಲ್ಲಿಗೇ ಎಂದೆ.

ಹೀಟರ್ ಹಚ್ಚಿ ನಾನು ಮಾಡಿದ ಮೊದಲ ಕೆಲಸವೆಂದರೆ ಅದರ ಬೆನ್ನ ಹಿಂದಿನ ಕಿಟಕಿಯನ್ನು ಪೂರ್ತಿ ತೆರೆದದ್ದು. ಹೆಂಡತಿ ನನ್ನನ್ನೇ ನೋಡಿದಳು. “ಹೊರಗಿನ ಥಂಡೀನೂ ಕಾಯಸಾವ್ರೇನ್ರಿ?” ಎಂದಳು. ತಪ್ಪು ನನ್ನದಲ್ಲ, ಕಸುಬಿನದು. ಕೂಲರಿಗೆ ಕಿಟಕಿ ತೆರೆದಿರಲೇಬೇಕು, ಇಲ್ಲದಿದ್ದರೆ ಕೋಣೆ ಇಡ್ಲಿಪಾತ್ರೆಯಾಗುತ್ತದೆ ಎಂದು ಸಾವಿರಾರು ಗಿರಾಕಿಗಳಿಗೆ ಬೋಧಿಸಿದ ಬಾಯಿ ನನ್ನದು. ಯೋಚಿಸಿದರೆ ಇವೆರಡೂ ಬೇರೆ ಬೇರೆ ಮನೆತನದವು. ಕೂಲರು ಉದಾರಿ; ಒಂದು ಕಡೆಯಿಂದ ತೆಗೆದುಕೊಂಡು ಇನ್ನೊಂದು ಕಡೆಯಿಂದ ಕೊಟ್ಟುಬಿಡುತ್ತದೆ. ಹೀಟರು ಬಾಗಿಲು ಹಾಕಿಕೊಂಡು ಉಣ್ಣುವ ಸಂಸಾರಿ. ನನ್ನ ಪಕ್ಷಪಾತ ಯಾವ ಕಡೆಗೆಂದು ನಿಮಗೆ ತಿಳಿದಿರಬೇಕು. ಆದರೂ ಕಿಟಕಿ ಮುಚ್ಚಿದೆ, ಉಸಿರಾಡಲೆಂದು ಎರಡು ಬೆರಳಿನಷ್ಟು ಸಂದು ಬಿಟ್ಟೆ. ಹೀಟರಿಗೂ ಹಾಸಿಗೆಗೂ ಒಂದು ಮಾರು ದೂರವಿಟ್ಟೆ, ಅದರ ವೈರಿನ ಗುಂಡಿಯನ್ನು ಮಾತ್ರ ಮಂಚದ ಬದಿಗೆ ಕಟ್ಟಿದೆ. ಅವ್ವ ಮಂಚದ ಮೇಲೆ, ನಾವಿಬ್ಬರೂ ಕೆಳಗೆ. ನಾನು ಅವಳ ಕೆಮ್ಮಿಗಾಗಿ ಕಿವಿಗೊಟ್ಟು ಕೊಟ್ಟು ಯಾವಾಗ ನಿದ್ದೆಹೋದೆನೋ ಗೊತ್ತಾಗಲಿಲ್ಲ.

ಬೆಳಿಗ್ಗೆ ಎದ್ದಾಗ ನನ್ನ ಮೂಗು ತಣ್ಣಗಾಗಿತ್ತು. ಹೀಟರ್ ಮುಟ್ಟಿ ನೋಡಿದರೆ ಅದೂ ತಣ್ಣಗೆ. ಇಲ್ಲೇ ಕೈಕೊಡುವ ಯಂತ್ರವನ್ನು ನಂಬಿ ಗುಡ್ಡ ಹತ್ತುವುದು ಹೇಗೆ? ಅವ್ವನಿಗೆ ಹೇಗೆ ಹೇಳುವುದು? ಅವಳಾದರೋ ಮಂಚದ ಮೇಲೆ ಶಾಲು ಹೊದ್ದು ಕೂತು, ಆರಾಮಾಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಅದು ಕೆಟ್ಟಿಲ್ಲೋ, ನಾನೇ ಬಂದ್ ಮಾಡೀನಿ” ಎಂದಳು. “ದಾರ್ಯಾಗ ಎಲ್ಲಾ ಕಡೆ ಕರೆಂಟ್ ಇರತೈತೇನು? ಅದಿಲ್ದ ಹೆಂಗ ಆಕೈತಿ ನೋಡಬೇಕಲ್ಲ.”

ಥಂಡಿ ಹತ್ತಿದ್ದರೆ ಏನು ಗತಿಯಾಗುತ್ತಿತ್ತು ಎಂದು ನಾನು ರೇಗಿದೆ. ಹತ್ತಿದ್ದರೆ ಚಾಲೂ ಮಾಡುತ್ತಿದ್ದೆ, ಗುಂಡಿ ಕೈಗೆ ಸಿಗುವಂತೆಯೇ ಇತ್ತಲ್ಲ, ಆ ಧೈರ್ಯಕ್ಕೇ ನಿದ್ದೆ ಬಂತು ಎಂದಳು. ಕಾವಿನಲ್ಲಿ ಅರ್ಧ ತಂತಿಯಿಂದ ಬರುತ್ತದೆ, ಇನ್ನರ್ಧ ಬೇಕೆಂದಾಗ ಸಿಗುತ್ತದೆಂಬ ನಂಬಿಕೆಯಿಂದ ಬರುತ್ತದೆ ಎಂದು ಕಾಣುತ್ತದೆ. ಕೂಲರು ಮಾರುವಾಗ ಇದು ಗೊತ್ತಿದ್ದಿದ್ದರೆ ಖಾಲಿ ಡಬ್ಬಿಗಳನ್ನೇ ಮಾರಬಹುದಿತ್ತು.

ಡಾಕ್ಟರು ಬಂದು ಅವ್ವನ ಎದೆ ಪರೀಕ್ಷಿಸಿ, ಹೋಗಿಬನ್ನಿ, ಆದರೆ ಗುಡ್ಡದ ಮೇಲೆ ಹೀಟರ್ ಬಂದ್ ಮಾಡುವ ಸಾಹಸ ಬೇಡ ಎಂದು ತಾಕೀತು ಮಾಡಿದರು. ಅವ್ವ ಒಪ್ಪಿದಳು. ಅವರು ಗೇಟು ದಾಟುವ ಮೊದಲೇ ತಂಗಿಗೆ ಫೋನ್ ಹಚ್ಚಿಸಿಕೊಂಡಳು. ಬರುತ್ತಿದ್ದೇನೆ ಎಂದಾಗ ಆ ಕಡೆಯಿಂದ ಮೌಶಿ ಗಾಬರಿಯಾಗಿ, ಬೇಡ ಅಕ್ಕ, ಇಲ್ಲಿಯ ಥಂಡಿ ನಿನಗೆ ತಡೆಯುವುದಿಲ್ಲ ಎನ್ನುತ್ತಿದ್ದದ್ದು ನಮಗೂ ಕೇಳಿಸಿತು. ಅವ್ವ ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡಳು.

“ನೀ ಇಡೀ ಜನ್ಮಾನ ಆ ಥಂಡ್ಯಾಗ ತಗದೀ” ಎಂದಳು. “ನಿನ್ನ ಮಗ್ಗಲದಾಗ ನಾ ನಾಕ ದಿನಾ ತಗೀಲಾರೆನೇನು?”