ಫೋನಿನಲ್ಲಿ ತಾಟು ಬಾರಿಸಿ ಗಂಡನನ್ನು ಕುದುರೆ ಹತ್ತಿಸಿದೆ

ಬೆಳಿಗ್ಗೆ ಆರು ಗಂಟೆ, ಗೆಳತಿಯರೇ. ರಾತ್ರಿಯೆಲ್ಲ ಅತ್ತ ಮಗು ಆಗಷ್ಟೇ ಮಲಗಿತ್ತು, ನನಗೂ ಕಣ್ಣು ಹತ್ತಿತ್ತು. ಫೋನ್ ಬಡಿದುಕೊಂಡಿತು. ಕುದುರೆಯನ್ನು ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ಒಬ್ಬರೇ ಗಜೇಂದ್ರಗಡದ ಗುಡ್ಡಕ್ಕೆ ಸವಾರಿಗೆ ಹೋದ ನಮ್ಮ ಯಜಮಾನರು.

“ಹತ್ತಾಕ ಬಿಡವಲ್ದು. ಕಾಲ ಎತ್ತಿದ್ರ ಸಾಕ, ಗಿರಗಿರ ತಿರಗತೈತಿ.”

“ರೀ, ಬಿದ್ರ ಎತ್ತಾಕ ಅಲ್ಲಿ ಯಾರದಾರ? ಸುಮ್ನ ಮನಿಗೆ ಬರ್ರಿ!”

ಅದು ಮದುವೆ ಮೆರವಣಿಗೆಗಳಲ್ಲೇ ಬೆಳೆದ ಕುದುರೆ. ಮೆರವಣಿಗೆಯ ಹಲಗೆವಾದ್ಯದ ಸದ್ದು ಕೇಳಿದರೆ ಮಾತ್ರ ಮದುಮಗ ಹತ್ತುವವರೆಗೆ ಕದಲದೆ ನಿಲ್ಲುತ್ತದೆ ಎಂದು ಮಾರಿದವರು ಹೇಳಿದ್ದರು. ನಾವು ನಕ್ಕಿದ್ದೆವು.

“ಇಲ್ಲಿ ನೆಟ್ ಇಲ್ಲ, ಹಾಡ ಹಚ್ಚಾಕ ಬರವಲ್ದು. ಸ್ಪೀಕರ್ ಹಚ್ಚೇನಿ, ನೀನ ಏನರ ಬಾರ್ಸ.”

ತಾಟು, ಸೌಟು ತಂದು ಬಾರಿಸಿದೆ. ಮಗು ಎದ್ದು ಚೀರಿತು. ಅತ್ತೆ ಓಡಿ ಬಂದರು: “ಏನವಾ, ಹುಚ್ಚಗಿಚ್ಚ ಹಿಡೀತೇನ?”

ಫೋನಿನಲ್ಲಿ ಧಪ್ಪೆಂದು ಸದ್ದಾಯಿತು. ಬಿದ್ದೇಬಿಟ್ಟರೆಂದು “ರೀ, ರೀ!” ಎಂದು ಕೂಗಿದೆ. ಆಮೇಲೆ ನಗು ಕೇಳಿಸಿತು.

“ಹತ್ತೇನಿ! ಸಾಕ ಮಾಡ, ಕುಣ್ಯಾಕ ಹತ್ತೈತಿ!”

ಹನ್ನೊಂದಕ್ಕೆ ಒಂದು ಗೀರೂ ಇಲ್ಲದೆ ರೋಣದ ನಮ್ಮ ಮನೆಗೆ ಬಂದರು. ಜೀವ ಬಂತು. ಆದರೆ ನಾಳೆಯೂ ಹೋಗುತ್ತಾರಂತೆ. ಜೊತೆಗೆ ಹೋಗಿ ಹಲಗೆ ಬಾರಿಸುವವರು ಯಾರಾದರೂ ಇದ್ದರೆ ಬೆಳಗಾಗುವುದರೊಳಗೆ ಫೋನ್ ಮಾಡಿ, ಕೈ ಮುಗಿಯುತ್ತೇನೆ. ಚಹಾ, ಗಿರ್ಮಿಟ್ ನನ್ನದು.